ಅಲೆ ದಾಟದ ಕೋಣೆ

ಸಿಂಧೂರ, ನಾಗಪುರದ ಬಳಿಯ ಕಳಮೇಶ್ವರದ ಸಣ್ಣ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್. ಅಂಕಿಗಳನ್ನು ದೂರಕ್ಕೆ ಕಳಿಸಲೆಂದು ವಿದ್ಯುತ್ ಮೀಟರಿಗೆ ರೇಡಿಯೋ ಜೋಡಿಸುವ ಕಾರ್ಖಾನೆ ಅದು. ವಾಯುಪಡೆಯಲ್ಲಿದ್ದ ತಂದೆ ಉತ್ತಪ್ಪನವರಿಗೆ ನಾಗಪುರಕ್ಕೆ ವರ್ಗವಾದಾಗ ಕೊಡಗಿನಿಂದ ಬಂದ ಸಂಸಾರ ಇಲ್ಲೇ ಉಳಿದುಕೊಂಡಿತ್ತು.

ಮೀಟರಿನ ರೇಡಿಯೋ ಎಷ್ಟು ಬಲವಾಗಿ ಅಲೆ ಬಿಡುತ್ತದೆಂದು ಅಳೆಯಲು ಅಲ್ಲೊಂದು ಪರೀಕ್ಷಾ ಕೋಣೆಯಿತ್ತು. ಆರೂ ಕಡೆ ಉಕ್ಕಿನ ತಗಡು, ಗೋಡೆಯ ತುಂಬ ಚೂಪಾದ ಕಪ್ಪು ಸ್ಪಂಜು. ಹೊರಗಿನ ಮೊಬೈಲ್, ಟಿವಿ, ವೈಫೈ ಅಲೆಗಳು ಒಳಗೆ ಬರಬಾರದು. ಒಳಗಿನ ಅಲೆ ಹೊರಗೆ ಹೋಗಬಾರದು. ಗಾಳಿಗೆಂದು ಬಿಟ್ಟ ಜಾಲರಿಯ ತೂತುಗಳೂ ಆ ಅಲೆಗಳ ಉದ್ದಕ್ಕಿಂತ ಎಷ್ಟೋ ಸಣ್ಣವು. ಗಾಳಿ ನುಸುಳುತ್ತಿತ್ತು, ರೇಡಿಯೋ ಅಲೆ ನುಸುಳುತ್ತಿರಲಿಲ್ಲ.

ಒಬ್ಬರೇ ಒಳಗೆ ಹೋಗಬಾರದೆಂಬ ನಿಯಮವಿತ್ತು. ಆದರೆ ಅಂದು ಮಧ್ಯಾಹ್ನ ಮೇಲಧಿಕಾರಿ ರಾಮಣ್ಣ ಮೀಟಿಂಗಿಗೆ ಹೋಗಿದ್ದರು. ಒಳಗೆ ಪರೀಕ್ಷೆಗಿಟ್ಟಿದ್ದ ಮೀಟರಿನ ಬ್ಯಾಟರಿ ಸರಿಪಡಿಸಿ ಬರೋಣವೆಂದು ಸಿಂಧೂರ ಒಬ್ಬಳೇ ಹೋದಳು. ಅವಳ ಬೆನ್ನ ಹಿಂದೆ ಭಾರವಾದ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಕೆಲಸ ಮುಗಿಸಿ ಹಿಡಿ ತಿರುಗಿಸಿದರೆ ಅದು ಸುಮ್ಮನೆ ಗರಗರ ತಿರುಗಿತು. ಚಿಲಕ ಅಲುಗಲಿಲ್ಲ. ಕರೆಗಂಟೆ ಒತ್ತಿದಳು. ಬಣ್ಣ ಬಳಿಯುವವರು ಅದರ ತಂತಿ ಬಿಚ್ಚಿಟ್ಟಿದ್ದರು. ಅದು ಅವಳಿಗೆ ತಿಳಿದಿರಲಿಲ್ಲ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಕೂಗಿದಳು. ಸ್ಪಂಜು ದನಿಯನ್ನು ನುಂಗಿಬಿಟ್ಟಿತು. ತನ್ನ ಕೂಗು ತುಟಿಯಲ್ಲೇ ಸತ್ತಂತೆನಿಸಿತು. ಎದೆ ಬಡಿತವೊಂದೇ ಕೇಳುತ್ತಿತ್ತು. ಗೋಡೆಗಳು ಹತ್ತಿರ ಹತ್ತಿರ ಬರುತ್ತಿವೆಯೆನಿಸಿ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಎದುರಿಗೆ ಮೀಟರಿನ ಅಲೆ ಹಿಡಿಯುವ ಆಂಟೆನಾ ಕಂಡಿತು. ಅದರ ಕೇಬಲ್ ಗೋಡೆಯನ್ನು ದಾಟಿ ಹೊರಗಿನ ಯಂತ್ರಕ್ಕೆ ಹೋಗುತ್ತದೆ. ಮೀಟರ್ ಅಲೆ ಬಿಟ್ಟರೆ ಆ ಯಂತ್ರದ ತೆರೆಯ ಮೇಲೆ ಒಂದು ಗೆರೆ ಏಳುತ್ತದೆ. ಈ ಪೆಟ್ಟಿಗೆಯಿಂದ ಹೊರಗೆ ಸುದ್ದಿ ಹೋಗಲು ಇರುವ ದಾರಿ ಅದೊಂದೇ!

ಮೀಟರಿನ ಸ್ವಿಚ್ಚನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊರಗೆ ಯಾರಾದರೂ ನೋಡುತ್ತಿದ್ದಾರೆಯೇ? ತಿಳಿಯುವಂತಿರಲಿಲ್ಲ. ಉತ್ತರ ಬರುವುದಕ್ಕೆ ದಾರಿಯೇ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ರಾಮಣ್ಣ ಮರಳಿದ್ದರು. ತೆರೆ ನೋಡಿ ತಂತ್ರಜ್ಞ ಆನಂದನಿಗೆ ಹೇಳಿದರು: “ಗೆರಿ ಸುಮ್‌ಸುಮ್ನ ಏಳ್ತೈತಿ, ಬೀಳ್ತೈತಿ. ಬ್ಯಾಟರಿ ವೈರ್ ಲೂಸ್ ಆಗೇತಿ. ಸಿಂಧೂರಾ ಊಟಾ ಮುಗಿಸಿ ಬರ್ಲಿ, ನೋಡೂಣು.”

ಒಳಗೆ ಸಿಂಧೂರ ಸೋತು ನೆಲದ ಮೇಲೆ ಕುಳಿತಳು. ಅಳು ಬಂತು. ಅಳುತ್ತಲೇ ಅವಳಿಗೊಂದು ಮಾತು ಹೊಳೆಯಿತು: ತಾನು ಮಾಡಿದ್ದು ಹೊರಗಿನವರಿಗೆ ಬರೀ ಗದ್ದಲದಂತೆ ಕಂಡಿರಬೇಕು. ತಾನಾಗಿ ಆಗಲಾರದಂಥದ್ದನ್ನು ಕಳಿಸಿದರೆ ಮಾತ್ರ ಅದು ಸಂದೇಶ. ಮತ್ತೆ ಎದ್ದಳು. ಒಂದು ಸಲ ಹಾಕಿ ತೆಗೆದು ನಿಲ್ಲಿಸಿದಳು. ಆಮೇಲೆ ಎರಡು ಸಲ. ಆಮೇಲೆ ಮೂರು. ಮತ್ತೆ ಮೊದಲಿಂದ.

“ಸರ್, ಇಲ್ಲಿ ನೋಡಿ,” ಎಂದ ಆನಂದ. “ಬರೋಬರ್ ಒಂದು, ಎರಡು, ಮೂರು ಅಂತ ಬರ್ತಿದೆ.”

ರಾಮಣ್ಣ ತೆರೆಯತ್ತ ಬಗ್ಗಿ ನೋಡಿದರು. “ಲೂಸ್ ವೈರಿಗೆ ಎಣಸಾಕ ಬರ್ತೈತೇನೋ? ಒಳಗ ಆ ಹುಡುಗಿ ಐತಿ! ಜಲ್ದಿ ಬಾ!”

ಹೊರಗಿನ ಹಿಡಿಯೂ ಸುಮ್ಮನೆ ತಿರುಗಿತು. ಇಬ್ಬರೂ ಚಿಲಕದ ತಗಡನ್ನೇ ಬಿಚ್ಚತೊಡಗಿದರು. ಸಿಂಧೂರಳಿಗೆ ಅದು ಯಾವುದೂ ಕೇಳಿಸಲಿಲ್ಲ. ಬೆರಳು ಜೋಮು ಹಿಡಿದಿತ್ತು. ಆದರೂ ಒಂದು, ಎರಡು, ಮೂರು ನಿಲ್ಲಿಸಲಿಲ್ಲ. ಬಾಗಿಲು ತೆರೆದಾಗಲೂ ಅವಳ ಕೈ ಸ್ವಿಚ್ಚಿನ ಮೇಲೇ ಇತ್ತು.

“ಒಬ್ಬಾಕಿನ ಹೋಗಬ್ಯಾಡ ಅಂದಿದ್ದೆನಲ್ಲವ್ವಾ...” ಗದರಲು ಹೋದ ರಾಮಣ್ಣ ದನಿ ತಗ್ಗಿಸಿದರು. “ಗೆರಿ ನೋಡಿನೂ ನನಗ ತಿಳೀಲಿಲ್ಲ.”

“ಪರವಾಗಿಲ್ಲ ಸರ್,” ಎಂದಷ್ಟೇ ಹೇಳಿ ಅವಳು ಅಂಗಳಕ್ಕೆ ಹೋಗಿ ಮೇ ತಿಂಗಳ ಉರಿಬಿಸಿಲಿನಲ್ಲಿ ನಿಂತಳು. ಯಾರು ಕರೆದರೂ ಒಳಗೆ ಬರಲಿಲ್ಲ.

ಹೊಸ ಬಾಗಿಲು ಕೂರಿಸಿದ ಮೇಲೂ ಸಿಂಧೂರ ಆ ಕೋಣೆಗೆ ಕಾಲಿಡಲಿಲ್ಲ. ಹೊರಗೆ ತೆರೆಯ ಮುಂದೆ ಕೂರುವ ಕೆಲಸ ಕೇಳಿ ಪಡೆದಳು. ಗೆರೆ ಕೊಂಚ ನಡುಗಿದರೂ ಸಾಕು, ಎದ್ದು ಹೋಗಿ ಬಾಗಿಲು ತೆರೆಸಿ, ಒಳಗಿರುವವರ ಹೆಸರು ಕೂಗುತ್ತಿದ್ದಳು.