ಟಿವಿ ನುಂಗಿದ ನಾಲ್ಕನೆಯ ಸಾಲು

ನಾಳೆ ಹತ್ತು ಗಂಟೆಗೆ ಅಮ್ಮನ ಬಲಗಣ್ಣಿನ ಆಪರೇಷನ್. ಕಣ್ಣಿಗೆ ಏನಾಗಿದೆ ಎಂಬುದು ಮಗನೊಬ್ಬನಿಗೇ ಗೊತ್ತಿತ್ತು. ವೈದ್ಯರಿಗೂ ಅಷ್ಟು ಗೊತ್ತಿರಲಿಲ್ಲ.

ಮಗ ಟಿವಿ, ಫ್ರಿಜ್ಜುಗಳ ಅಂಗಡಿಯಲ್ಲಿ ಮ್ಯಾನೇಜರ್. ದಿನವಿಡೀ ಗಿರಾಕಿಗಳಿಗೆ ತಿಳಿಹೇಳಿ ಹೇಳಿ, ತನಗೆ ತಿಳಿಯದ್ದೂ ಇರಬಹುದು ಎಂಬುದೇ ಅವನಿಗೆ ಮರೆತುಹೋಗಿತ್ತು. ಎರಡು ವರ್ಷದ ಹಿಂದೆ ಐವತ್ತೈದು ಇಂಚಿನ ಟಿವಿ ತಂದು ಗೋಡೆಗೆ ತೂಗುಹಾಕಿದ. ಅಂದು ಸಿನಿಮಾ ಹಾಕಿದರೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ. "ಐವತ್ತೈದು ತಂದು ನಲವತ್ತರಲ್ಲಿ ನೋಡೋದಾ?" ಎಂದು ರಿಮೋಟಿನಲ್ಲಿ ಏನೇನೋ ಒತ್ತಿ, ಚಿತ್ರವನ್ನು ಗೋಡೆ ತುಂಬ ಹಿಗ್ಗಿಸಿದ. ಆಮೇಲೆ ರಿಮೋಟಿಗೆ ಪ್ಲಾಸ್ಟಿಕ್ ಹೊದಿಸಿ, ರಬ್ಬರ್ ಬ್ಯಾಂಡ್ ಸುತ್ತಿ, "ಸೆಟ್ಟಿಂಗ್ ಯಾರೂ ಮುಟ್ಟಕೂಡದು" ಎಂದು ಅಪ್ಪಣೆ ಕೊಡಿಸಿದ.

ಅಮ್ಮ ಪದ್ಯ ಕೇಳಿಕೊಂಡು ಬೆಳೆದವಳು. ಬೆಳಿಗ್ಗೆ ಏಳಕ್ಕೆ ಒಂದು ಚಾನೆಲ್ಲಿನಲ್ಲಿ ದಿನಕ್ಕೊಂದು ಭಕ್ತಿಪದ್ಯ ಹಾಡುತ್ತಿದ್ದರು, ಪರದೆಯ ಕೆಳಗೆ ನಾಲ್ಕು ಸಾಲು ಅಕ್ಷರ ಬರುತ್ತಿತ್ತು. ಮೂರು ಸಾಲು ಕಾಣುತ್ತಿತ್ತು, ನಾಲ್ಕನೆಯದರ ತಲೆಕಟ್ಟು ಮಾತ್ರ. ಕಿವಿಯಿಂದ ಹಿಡಿಯೋಣವೆಂದರೆ, ಹಾಡುವವಳು ಕೊನೆಯ ಸಾಲಿಗೆ ಬಂದ ಕೂಡಲೇ ವಾದ್ಯಗಳೆಲ್ಲ ಒಟ್ಟಾಗಿ ಅವಳ ಮೇಲೆ ಬೀಳುತ್ತಿದ್ದವು. ಅಮ್ಮ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದು, ನಾಲ್ಕನೆಯದಕ್ಕೆ ಜಾಗ ಬಿಡುತ್ತಿದ್ದಳು. ಊಟಕ್ಕೆ ಬಾರದ ಅತಿಥಿಗೆ ಎಲೆ ಹಾಸಿಟ್ಟ ಹಾಗೆ.

"ಕೊನೇ ಸಾಲು ಕಾಣಲ್ಲ ಕಣೋ" ಎಂದಳು ಒಂದು ದಿನ.

"ನನಗೆ ಎಲ್ಲಾ ಕಾಣ್ತಿದೆಯಲ್ಲಮ್ಮಾ, ನಿನ್ನ ಕಣ್ಣೇ ಸರಿಯಿಲ್ಲ" ಎಂದ ಮಗ, ಫೋನಿನಿಂದ ತಲೆ ಎತ್ತದೆ.

ಅಲ್ಲಿಂದ ಶುರುವಾಯಿತು. ಹೊಸ ಕನ್ನಡಕ ಬಂತು. ಸಾಲು ಬರಲಿಲ್ಲ. ಇನ್ನೂ ದಪ್ಪನೆಯದು ಬಂತು. ಮೆಟ್ಟಿಲುಗಳು ತೇಲಾಡಿದವು, ಸಾಲು ಮಾತ್ರ ಬರಲಿಲ್ಲ. ಕಣ್ಣಿನ ವೈದ್ಯರು, "ಈ ವಯಸ್ಸಿಗೆ ಇರುವಷ್ಟು ಪೊರೆ ಇದೆ, ಅವಸರವೇನಿಲ್ಲ" ಎಂದರು. ಮಗ ಅವರ ಮುಂದೆ ನೋಟ್‌ಬುಕ್ ಬಿಡಿಸಿ, ಖಾಲಿ ಸಾಲುಗಳನ್ನು ಬೆರಳಿಟ್ಟು ತೋರಿಸಿದ. ಅವರು ನಕ್ಕಿದ್ದು ಸರಿಬೀಳದೆ ಬೇರೆ ವೈದ್ಯರನ್ನು ಹುಡುಕಿದ. ಆ ವೈದ್ಯರು, "ತೆಗೀರಿ ಅಂದರೆ ತೆಗೀತೀವಿ" ಎಂದರು. ಅಮ್ಮ ಹೂಂ ಎಂದಳು. ಎರಡು ವರ್ಷ ಒಂದೇ ಸಮನೆ ಹೇಳಿದರೆ, ತಾನು ಕಲ್ಲು ಹೌದೋ ಅಲ್ಲವೋ ಎಂದು ಕಲ್ಲಿಗೂ ಅನುಮಾನ ಬಂದೀತು.

ಇಂದು ಭಾನುವಾರ. ಸೊಸೆ ಮನೆಯಲ್ಲೇ ಕೂತು ಔಷಧಿ ಬಾಟಲಿಗಳ ಲೇಬಲ್ ಮಾಡುವವಳು. ಮಧ್ಯಾಹ್ನ ಅವಳ ಕಂಪ್ಯೂಟರಿನ ಮಾನಿಟರ್ ಒಮ್ಮೆ ಮಿಣುಕಿ ಕಣ್ಣು ಮುಚ್ಚಿತು.

"ರೀ, ಸಂಜೆಯೊಳಗೆ ಲೇಬಲ್ ಕಳಿಸಬೇಕು, ಏನ್ರೀ ಮಾಡ್ಲಿ?"

"ಗೋಡೆ ಮೇಲೆ ಅಷ್ಟು ದೊಡ್ಡದು ಇಟ್ಕೊಂಡು ಅಳ್ತೀಯಲ್ಲ!" ಎಂದು ಮಗ ಎದ್ದ. ಕಂಪ್ಯೂಟರಿನ ಡಬ್ಬ ಹಾಲಿನ ಸ್ಟೂಲಿನ ಮೇಲೆ ಬಂತು. ಅಂಗಡಿಯಿಂದ ತಂದಿಟ್ಟಿದ್ದ ಎಚ್‌ಡಿಎಂಐ ಕೇಬಲ್ಲಿನ ಒಂದು ತುದಿ ಅದಕ್ಕೆ, ಇನ್ನೊಂದು ಟಿವಿಯ ಪಕ್ಕೆಗೆ. ಸೆಟ್‌ಟಾಪ್ ಬಾಕ್ಸ್ ಆರಿಸಿ ನೋಡಿದರೆ, ಪರದೆಯ ಮೇಲೆ 'ನೋ ಸಿಗ್ನಲ್' ಎಂದು ಬಂತು.

"ನಿನ್ನ ಕಂಪ್ಯೂಟರ್ ಹಳೇದು. ಈ ಟಿವಿ ಮಟ್ಟಕ್ಕೆ ಏರೋಕೆ ಅದಕ್ಕೆ ಆಗ್ತಿಲ್ಲ."

ಮೂಲೆಯ ಕುರ್ಚಿಯಿಂದ ಅಮ್ಮ ಮೆಲ್ಲನೆ, "ಎರಡನೇ ತೂತಿಗೆ ಚುಚ್ಚಿದೀಯ ಮಗನೇ. ಟಿವಿ ಮೂಲೇಲಿ ಒಂದನೇದು ಅಂತ ತೋರಿಸ್ತಿದೆ" ಎಂದಳು.

"ನಿನಗೆ ಅಲ್ಲಿಂದ ಹೇಗಮ್ಮಾ ಕಾಣ್ತು?"

"ಆಪರೇಷನ್ ಇನ್ನೂ ಆಗಿಲ್ವಲ್ಲ, ಅದಕ್ಕೇ."

ಸೊಸೆ ಸೆರಗಿನೊಳಗೆ ನಕ್ಕಳು. ಮಗ ಸೆಟ್‌ಟಾಪ್ ಬಾಕ್ಸಿನ ತಂತಿ ಕಿತ್ತು, ಆ ಒಂದನೆಯ ತೂತಿಗೇ ಕೇಬಲ್ ಚುಚ್ಚಿ, "ನಾನೂ ಅದನ್ನೇ ಮಾಡೋನಿದ್ದೆ" ಎಂದ. ಕಂಪ್ಯೂಟರಿನ ಚಿತ್ರ ಗೋಡೆ ತುಂಬ ಬೆಳಗಿತು.

"ಹೇಗಿದೆ?"

"ದೊಡ್ಡದಾಗಿದೆ. ಆದ್ರೆ ಕೆಳಗಿನ ಪಟ್ಟಿ ಎಲ್ರೀ? ಗಡಿಯಾರ ಇರ್ತಿತ್ತಲ್ಲ?"

ಮಗ ಹತ್ತಿರ ಹೋಗಿ ನೋಡಿದ. ದೂರ ನಿಂತು ನೋಡಿದ. "ವೈರಸ್ಸು" ಎಂದ. "ಪಟ್ಟಿ ತಿಂದುಬಿಟ್ಟಿದೆ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು."

"ಅಳಿಸಿದ್ರೆ ನನ್ನ ಲೇಬಲ್ಲೂ ಹೋಗುತ್ತಲ್ರೀ!" ಎಂದು ಸೊಸೆ ಅವನ ಕೈಯಿಂದ ಮೌಸ್ ಕಿತ್ತುಕೊಂಡು ಲೇಬಲ್ ತೆರೆದಳು. ಔಷಧಿಯ ಹೆಸರಿತ್ತು, ಕುಡಿಯುವ ಪ್ರಮಾಣವಿತ್ತು. ಯಾವ ತಾರೀಖಿನ ನಂತರ ಕುಡಿಯಬಾರದು ಎಂಬ ಕೆಳಗಿನ ಸಾಲಿರಲಿಲ್ಲ. ನಿನ್ನೆಯಷ್ಟೇ ಕೈಯಾರೆ ಹಾಕಿದ್ದ ಸಾಲು.

"ಕೊನೇ ಸಾಲು ಕಾಣ್ತಿಲ್ಲ" ಎಂದಳು.

ಅಮ್ಮ ಕುರ್ಚಿಯಿಂದ ಎದ್ದಳು. "ಏನಂದೆ ಮಗಳೇ?"

"ಕೊನೇ ಸಾಲು ಕಾಣ್ತಿಲ್ಲ ಅತ್ತೆ."

"ನಿನಗೋ ಮಗನೇ?"

ಮಗನಿಗೆ ಈ ಸಲ ತಲೆ ತಗ್ಗಿಸೋಣವೆಂದರೆ ಕೈಯಲ್ಲಿ ಫೋನೂ ಇರಲಿಲ್ಲ.

"ಸರಿ, ನಾಳೆ ಮೂವರೂ ಹೋಗೋಣ. ಸಾಲಾಗಿ ಮಲಗಿಸಿ ಕೊಯ್ದುಬಿಡಲಿ" ಎಂದಳು ಅಮ್ಮ.

ಸೊಸೆ ರಿಮೋಟಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಪ್ಲಾಸ್ಟಿಕ್ ಸುಲಿದು, ಚಿತ್ರದ ಅಳತೆ ಎಂಬಲ್ಲಿಗೆ ಹೋದಳು. ಅಲ್ಲಿ 'ಜೂಮ್' ಎಂದು ಎರಡು ವರ್ಷದಿಂದ ಕೂತಿತ್ತು. ತೆಗೆದಳು. ಚಿತ್ರ ಉಸಿರು ಬಿಟ್ಟಂತೆ ಒಳಕ್ಕೆ ಸರಿಯಿತು. ಕೆಳಗಿನಿಂದ ಔಷಧಿಯ ತಾರೀಖು ಬಂತು, ಅದರ ಕೆಳಗೆ ಪಟ್ಟಿ, ಪಟ್ಟಿಯ ತುದಿಯಲ್ಲಿ ಗಡಿಯಾರ.

"ಕಂಪ್ಯೂಟರ್ ಹಾಕಿದ್ದಕ್ಕೆ ಸೆಟ್ಟಿಂಗ್ ಕೆಟ್ಟಿದ್ದು" ಎಂದ ಮಗ. ಸೊಸೆ ಲೇಬಲ್ ಕಳಿಸಿ, ಸೆಟ್‌ಟಾಪ್ ಬಾಕ್ಸಿನ ತಂತಿಯನ್ನು ಮತ್ತೆ ಅದರ ತೂತಿಗೇ ಚುಚ್ಚಿದಳು.

ಮರುದಿನ ಏಳಕ್ಕೆ ಅಮ್ಮ ತನ್ನ ಹಳೆಯ ಕನ್ನಡಕ ಹಾಕಿಕೊಂಡು ಕೂತಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಸಾಲು ಇಡಿಯಾಗಿ, ಕೊಂಬು ದೀರ್ಘಗಳ ಸಮೇತ ನಿಂತಿತ್ತು. ಅಂಥ ದೊಡ್ಡ ಸಾಲೇನಲ್ಲ, ಪ್ರಾಸಕ್ಕೆಂದು ಎಳೆದುತಂದದ್ದು. ಆದರೂ ಅಮ್ಮ ಕೈಮುಗಿದು ಬರೆದುಕೊಂಡಳು.

ಅಷ್ಟರಲ್ಲಿ ಮಗ ಸಿದ್ಧನಾಗಿ ಬಂದ. "ಹೊರಡಮ್ಮ. ಟೋಕನ್ ತಗೊಂಡಾಗಿದೆ, ಒಂದು ಸಲ ಮಾಡಿಸ್ಕೊಂಡೇ ಬಂದುಬಿಡೋಣ."

ಅಮ್ಮ ಅವನು ತಂದುಕೊಟ್ಟಿದ್ದ ಎರಡೂ ಕನ್ನಡಕದ ಡಬ್ಬಿಗಳನ್ನು ಅವನ ಕೈಗಿಟ್ಟಳು. "ಟೋಕನ್ ಹಾಳಾಗೋದು ಬೇಡಪ್ಪಾ, ನೀನೇ ಹೋಗಿ ಬಾ. ಇವೂ ಇರಲಿ, ಯಾವುದಾದರೂ ಹೊಂದೀತು."

ಅವನು ಮುಖ ಊದಿಸಿಕೊಂಡು ಟಿವಿ ಕಡೆ ತಿರುಗಿದ. "ಇದನ್ನ ಹೀಗೇ ಬಿಟ್ರೆ ಸಂಜೆ ಸಿನಿಮಾಗೆ ಕಪ್ಪು ಪಟ್ಟಿ ಬರುತ್ತೆ. ರಿಮೋಟ್ ಎಲ್ಲಿ?"

ಅಮ್ಮ ತೊಡೆಯ ಮೇಲಿನ ನೋಟ್‌ಬುಕ್ಕನ್ನು ರಿಮೋಟಿನ ಮೇಲೆ ಇನ್ನಷ್ಟು ಒತ್ತಿ ಹಿಡಿದಳು.

"ನನಗೆಲ್ಲಿ ಕಾಣುತ್ತೋ" ಎಂದಳು. "ನನ್ನ ಕಣ್ಣು ಸರಿಯಿಲ್ವಲ್ಲ."