ನಾಲ್ಕನೇ ಪ್ಲಗ್

ಕಡೂರಿನಲ್ಲಿ ಗ್ಯಾರೇಜ್ ಇಟ್ಟಿದ್ದ ರುದ್ರಮೂರ್ತಿ ತಮ್ಮನನ್ನು ಮಗನ ಹಾಗೆ ಸಾಕಿದವನು. ಆ ತಮ್ಮ ಪ್ರಸನ್ನಕುಮಾರನಿಗೆ ಮೂವತ್ತು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಜಾತಕ, ಮನೆತನ ಎಲ್ಲ ಕೂಡಿಬರುತ್ತಿತ್ತು. ಹುಡುಗ ಕಾರ್ ರೇಸ್ ಓಡಿಸುತ್ತಾನೆ ಎಂದು ಕಿವಿಗೆ ಬಿದ್ದೊಡನೆ ಬಂದವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅಜ್ಜಂಪುರದ ಶಿವಮೂರ್ತಪ್ಪನವರೊಬ್ಬರೇ, "ಆ ರೇಸನ್ನೂ ಒಂದ್ಸಲ ನೋಡೇಬಿಡಾಣ" ಎಂದು ಮಗಳು ದೀಪಶ್ರೀಯನ್ನು ಕರೆದುಕೊಂಡು ಬಂದಿದ್ದರು. ತರೀಕೆರೆ ದಾರಿಯಲ್ಲಿ ಎರಡು ಬಸ್ಸು ಬಿಟ್ಟಿರುವ ಮನುಷ್ಯ. ನಡುದಾರಿಯಲ್ಲಿ ನಿಂತ ಗಾಡಿ ಕಂಡರೆ ಅವರಿಗೆ ಮೈಯೆಲ್ಲ ಉರಿ.

ಇವತ್ತು ನೋಡಿದರೆ ಗಾಡಿ ನಿಲ್ಲಲೇಬೇಕಿತ್ತು.

ರೇಸು ನಡೆಯುತ್ತಿದ್ದದ್ದು ಯಗಟಿ ಕಡೆಯ, ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯಲ್ಲಿ. ಅಣ್ಣತಮ್ಮಂದಿರ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿದ್ದರು. ಇಂಜಿನ್ನಿಗೆ ಗಾಳಿ ತುರುಕುವುದೇ ಅದರ ಕೆಲಸ. ಆದರೆ ನಾಲ್ಕೂ ಸಿಲಿಂಡರಿಗೆ ಸಮನಾಗಿ ಹಂಚಲು ಅದೇನು ಧರ್ಮರಾಯನೇ? ಕೊನೆಯದಕ್ಕೆ ಒಂದು ಪಾಲು ಹೆಚ್ಚೇ ಕೊಡುತ್ತಿತ್ತು. ಗಾಳಿ ಹೆಚ್ಚಾದ ಕಡೆ ಪೆಟ್ರೋಲೂ ಹೆಚ್ಚು ಬೇಕು, ಇಲ್ಲದಿದ್ದರೆ ಪಿಸ್ಟನ್ ಕರಗುತ್ತದೆ. ಹೋದ ವರ್ಷ ಹಾಗೇ ಕರಗಿತ್ತು. ಯಾವ ಸಿಲಿಂಡರಿಗೆ ಪೆಟ್ರೋಲ್ ಸಾಲದು ಎಂದು ಹೇಳುವುದು ಸ್ಪಾರ್ಕ್ ಪ್ಲಗ್ಗಿನ ಬಣ್ಣ. ಆ ಬಣ್ಣ ಉಳಿಯಬೇಕಾದರೆ ಗೆಲುವಿನ ಗೆರೆ ದಾಟಿದ ಕೂಡಲೇ ಇಂಜಿನ್ ಆಫ್ ಮಾಡಿ, ಕಾರನ್ನು ತಳ್ಳಿಕೊಂಡೇ ತರಬೇಕು. ನಿಧಾನವಾಗಿ ಓಡಿಸಿಕೊಂಡು ವಾಪಸ್ ಬಂದರೆ ಮಸಿ ಹಿಡಿದು ಎಲ್ಲ ಪ್ಲಗ್ಗೂ ಒಂದೇ ಬಣ್ಣ.

"ಇವತ್ತೊಂದಿನ ಓಡಿಸ್ಕೊಂಡೇ ಬಂದ್ಬಿಡ್ತೀನಿ ಕಣಣ್ಣ," ಎಂದು ಪ್ರಸನ್ನ ಹೆಲ್ಮೆಟ್ ಹಾಕಿಕೊಳ್ಳುತ್ತ ಗೋಗರೆದ. "ಅವ್ರ ಮುಂದೆ ತಳ್ಳಿಸ್ಕೊಂಡ್ ಬರೋದಾ?"

ರುದ್ರಮೂರ್ತಿ ಲೆಕ್ಕ ಹಾಕಿದ. ಪಿಸ್ಟನ್ ಇನ್ನೊಂದು ತರಬಹುದು, ಇಂಥ ಸಂಬಂಧವನ್ನು ಎಲ್ಲಿಂದ ತರುವುದು? ಆದರೂ ಮಧ್ಯಾಹ್ನದ ಫೈನಲ್ಲಿಗೆ ಕುರುಡಾಗಿ ಗಾಡಿ ಬಿಡಲು ಮನಸ್ಸು ಒಪ್ಪಲಿಲ್ಲ. "ನಿನ್ನಿಷ್ಟ ಕಣಪ್ಪ," ಎಂದುಬಿಟ್ಟ.

ಕಾರು ಕಿವಿ ಗಡಚಿಕ್ಕುವಂತೆ ಹೊರಟು, ಪಕ್ಕದವನನ್ನು ಹಿಂದೆ ಹಾಕಿ ಗೆರೆ ದಾಟಿತು. ದಾಟಿದ್ದೇ ತಡ, ಸದ್ದು ನಿಂತಿತು. ಉಳಿದ ವೇಗದಲ್ಲೇ ಕಾರನ್ನು ಈಕಡೆ ತಿರುಗಿಸಿ ಪ್ರಸನ್ನ ನಿಲ್ಲಿಸಿದ. ರುದ್ರಮೂರ್ತಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ಜನ ಹೋ ಎಂದು ನಕ್ಕರು. ಶಿವಮೂರ್ತಪ್ಪ ಪಂಚೆ ಕೊಡವಿಕೊಂಡು ಎದ್ದರು. "ಗೆದ್ದು ಏನ್ ಬಂತು, ಕೆಟ್ಟು ಕೂತೈತಲ್ಲ. ನಡಿಯಮ್ಮ."

"ಕೆಟ್ಟೋಯ್ತಾ?" ದೀಪಶ್ರೀ ರುದ್ರಮೂರ್ತಿಯನ್ನು ಕೇಳಿದಳು.

"ಇಲ್ಲ ಕಣಮ್ಮ, ಅವನೇ ನಿಲ್ಸಿರೋದು. ಪ್ಲಗ್ ನೋಡ್ಬೇಕು."

"ನಮ್ ಡ್ರೈವರ್ರೂ ಹಿಂಗೇ ಏನಾರ ಹೇಳ್ತಾರೆ," ಎಂದರು ಶಿವಮೂರ್ತಪ್ಪ.

"ನೋಡ್ಕೊಂಡೇ ಬತ್ತೀನಿ ಇರಪ್ಪ," ಎಂದವಳೇ ದೀಪಶ್ರೀ ರುದ್ರಮೂರ್ತಿಯ ಹಿಂದೆ ಹೊರಟೇಬಿಟ್ಟಳು.

ಪ್ರಸನ್ನ ಹೆಲ್ಮೆಟ್ಟನ್ನೂ ತೆಗೆಯದೆ ಸ್ಟೀರಿಂಗಿಗೆ ತಲೆ ಆನಿಸಿ ಕೂತಿದ್ದ. ಯಾರು ಬಂದರೆಂದು ನೋಡುವ ಮುಖ ಅವನಿಗಿರಲಿಲ್ಲ. ರುದ್ರಮೂರ್ತಿ ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಲ್ಲಿ ಒಂದೊಂದೇ ಪ್ಲಗ್ ಬಿಚ್ಚಿದ. ಮೂರು ಪ್ಲಗ್ಗು ಟೀ ಬಣ್ಣ. ನಾಲ್ಕನೆಯದು ಸುಣ್ಣದ ಹಾಗೆ ಬಿಳಿ.

"ಇದಕ್ಕೆ ಪೆಟ್ರೋಲ್ ಸಾಲ್ತಿಲ್ಲ ನೋಡು. ಇನ್ನೂ ದೊಡ್ಡ ನಾಝಲ್ ಹಾಕ್ಬೇಕು."

"ಓಡಿಸ್ಕೊಂಡ್ ಬಂದಿದ್ರೆ?"

"ಗೊತ್ತೇ ಆಗ್ತಿರ್ಲಿಲ್ಲ. ಫೈನಲ್ನಲ್ಲಿ ಪಿಸ್ಟನ್ ಹೋಗಿರೋದು."

ದೀಪಶ್ರೀ ದನಿ ತಗ್ಗಿಸಿದಳು. "ನಾವು ನೋಡ್ತಾ ಕೂತಿರೋದು ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ. ಗೊತ್ತಿದ್ದೇ ನಿಲ್ಸಿದಾನೆ."

ರುದ್ರಮೂರ್ತಿ ಬಿಚ್ಚಿದ ಪ್ಲಗ್ಗುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಬಾನೆಟ್ ಮುಚ್ಚಿ ತಳ್ಳಲು ಹಿಂದಕ್ಕೆ ಬರುವಷ್ಟರಲ್ಲಿ, ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಡಿಕ್ಕಿಯ ಮೇಲೆ ಕೈ ಊರಿ ನಿಂತಿದ್ದಳು. ಇಬ್ಬರೂ ಸೇರಿ ನೂಕಿದರು. ಕಾರು ಮಿಸುಕಿತು, ಮುಂದಕ್ಕೆ ತೆವಳಿತು.

ಒಳಗಿನಿಂದ ಪ್ರಸನ್ನ ಕಿರುಚಿದ. "ಲೇ, ಯಾರ್ರೋ ಅದು? ಊಟ ಮಾಡಿಲ್ವೇನ್ರೋ? ಜೋರಾಗಿ ತಳ್ರೋ!"

ರುದ್ರಮೂರ್ತಿ ನಾಲಿಗೆ ಕಚ್ಚಿಕೊಂಡ.

"ಇಲ್ಲ ಕಣ್ರೀ," ಎಂದಳು ದೀಪಶ್ರೀ, ಏದುಸಿರು ಬಿಡುತ್ತಲೇ. "ಇವತ್ತು ನಿಮ್ಮನೇಲೇ ಊಟ. ಸ್ಟೀರಿಂಗ್ ನೆಟ್ಟಗೆ ಹಿಡ್ಕಳಿ."

ಸಂಬಂಧ ಗಟ್ಟಿಯಾಗುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಇದು ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರೂ ಇಲ್ಲ. ಪ್ರಸನ್ನನಿಗೂ ಗೊತ್ತಿತ್ತೆಂದು ಕಾಣುತ್ತದೆ. ಕಾರು ಸೊಟ್ಟಗೆ ಹೋಗಿ ರಸ್ತೆ ಪಕ್ಕದ ಮಣ್ಣಿಗಿಳಿದು ಕೂತಿತು. ಆ ತುದಿಯಿಂದ ಶಿವಮೂರ್ತಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಬೈದುಕೊಳ್ಳುತ್ತಲೇ, ತಳ್ಳಲು ಬರತೊಡಗಿದರು.