ಇಸ್ತ್ರಿ ಭಾವನ ಪೆಟ್ರೋಲ್ ಟ್ಯಾಂಕು

ಅಕ್ಕನ ಗಂಡನಿಗೆ ನಮ್ಮ ಮನೆಯಲ್ಲಿ ಇಸ್ತ್ರಿ ಭಾವ ಎಂದೇ ಹೆಸರು. ಅವರ ಅಂಗಿಯ ಮಡಿಕೆ ತಾಗಿದರೆ ಬೆರಳು ಕುಯ್ದುಹೋದೀತು, ಹಾಗಿರುತ್ತಿತ್ತು. ಒಂದು ಬೆಳಿಗ್ಗೆ ತಮ್ಮ ಇಪ್ಪತ್ತೆರಡು ವರ್ಷದ ಬೈಕನ್ನು ಮೈಗೆ ತಾಗದಂತೆ ದೂರ ಹಿಡಿದು ತಳ್ಳಿಕೊಂಡು ನನ್ನ ಗ್ಯಾರೇಜಿಗೆ ಬಂದರು.

“ಒಂದು ಕಿಲೋಮೀಟರ್ ಓಡತ್ತೆ, ಆಮೇಲೆ ನಿಂತುಬಿಡತ್ತೆ. ಐದು ನಿಮಿಷ ಸುಮ್ನೆ ಬಿಟ್ರೆ ಮತ್ತೆ ಸ್ಟಾರ್ಟ್ ಆಗತ್ತೆ. ನಿಮ್ಮಕ್ಕನ ಹಾಗೇ, ಮೂಡ್ ಬಂದ್ರೆ ಉಂಟು,” ಎಂದು ತಾವೇ ನಕ್ಕರು.

ಪ್ಲಗ್ ಬಿಚ್ಚಿ ನೋಡಿದೆ. ಕಿಡಿ ಚೆನ್ನಾಗಿಯೇ ಹಾರಿತು. ಹಾಗಾದರೆ ಪೆಟ್ರೋಲಿನದೇ ತಕರಾರು. ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಿತ್ತು ಬಾಟಲಿಯೊಳಗೆ ಬಿಟ್ಟೆ. ಧಾರೆಯಾಗಿ ಬರಬೇಕಾದದ್ದು ಒಂದು ಗಳಿಗೆ ಸುರಿದು, ಆಮೇಲೆ ತೊಟ್ಟಿಕ್ಕತೊಡಗಿತು. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಹೀಗಾಗುವುದುಂಟು. ನೋಡೋಣವೆಂದು ಮುಚ್ಚಳ ತೆಗೆದೆ.

ಮುಚ್ಚಳದ ಜೊತೆಗೇ ಒಂದು ಕಾಲುಚೀಲ ಮೇಲೆದ್ದು ಬಂತು. ಅರ್ಧ ಮಾತ್ರ. ಹಿಮ್ಮಡಿಯಿಂದಾಚೆ ಇರಲೇ ಇಲ್ಲ.

“ಇದೇನು ಭಾವ?”

“ಮುಚ್ಚಳದ ರಬ್ಬರ್ ವಾಷರ್ ಹೋಗಿತ್ತು ಕಣಮ್ಮ, ಪೆಟ್ರೋಲ್ ತುಳುಕ್ತಿತ್ತು. ಸದ್ಯಕ್ಕೆ ಇರ್ಲಿ ಅಂತ ಸಿಕ್ಕಿಸಿದ್ದೆ.”

“ಯಾವಾಗ?”

“ಒಂದು ನಾಲ್ಕು ತಿಂಗಳಾಯ್ತೇನೋ.”

ಟ್ಯಾಂಕ್ ಇಳಿಸಿ ಬಕೆಟ್ಟಿಗೆ ಬಗ್ಗಿಸಿದೆ. ತುಕ್ಕಿನ ಪುಡಿ, ಕೊಳೆತ ನೂಲಿನ ಎಳೆ ಬೆರೆತ ಕಂದು ರಾಡಿ ಗಳಗಳನೆ ಬಿತ್ತು. ಅಡಿಯಲ್ಲಿ ಪೆಟ್ರೋಲ್ ಬಿಡುವ ಕಾಕ್ ಬಿಚ್ಚಿದರೆ ಅದರ ಜಾಲರಿಯ ತುಂಬ ಸಿಂಬಳದಂಥ ಲೋಳೆ. ಬೆರಳಿಗೆ ಅಂಟಿ ಎಳೆಎಳೆಯಾಗಿ ಜೋತಾಡಿತು. ಹದಿನೆಂಟು ವರ್ಷದಿಂದ ಗ್ರೀಸಿನಲ್ಲೇ ಕೈ ಅದ್ದಿದವಳು ನಾನು. ಆದರೂ ಅಂದು ಎದ್ದುಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದೆ.

ಭಾವ ಬಾಗಿಲಲ್ಲಿ ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. “ಥೂ, ಏನು ವಾಸನೆ!”

“ನಿಮ್ದೇ ಕಾಲುಚೀಲ ಭಾವ,” ಎಂದೆ.

ತುಕ್ಕು ಕೆರೆದು ಬರಲೆಂದು ಟ್ಯಾಂಕಿನೊಳಗೆ ಒಂದು ಹಿಡಿ ನಟ್ಟು, ಸ್ವಲ್ಪ ಪೆಟ್ರೋಲು ಹಾಕಿ ಮೂರು ಸಲ ಕುಲುಕಿ ತೊಳೆದೆ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸಣ್ಣ ತೂತಿಗೆ ಗಾಳಿ ಊದಿದೆ. ಹೊಸ ಜಾಲರಿ, ಹೊಸ ಪೈಪು, ಹೊಸ ಮುಚ್ಚಳ ಹಾಕಿದೆ. ಕೊನೆಗೆ ಟ್ಯಾಂಕಿನ ಮೈ ಒರೆಸುವಾಗ ಕೈ ನಿಂತಿತು. ಮುಚ್ಚಳದ ಸುತ್ತ ಬಣ್ಣ ಗುಳ್ಳೆ ಎದ್ದು, ಸೋರಿದ ಗೆರೆಗಳು ಎರಡೂ ಪಕ್ಕಕ್ಕೆ ಇಳಿದಿದ್ದವು. ಅಕ್ಕನ ನಾಲ್ಕು ವರ್ಷದ ಮಗಳ ತೊಡೆ ಕೆಂಪಾಗಿ ಸಿಪ್ಪೆ ಸುಲಿಯುತ್ತಿದೆ, ಎರಡು ತಿಂಗಳಿಂದ ಮುಲಾಮು ಹಚ್ಚಿದರೂ ಹೋಗುತ್ತಿಲ್ಲ ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದಳು.

“ಭಾವ, ಪುಟ್ಟಿ ಬೈಕಲ್ಲಿ ಎಲ್ಲಿ ಕೂರ್ತಾಳೆ?”

“ಟ್ಯಾಂಕ್ ಮೇಲೆ. ಇನ್ನೆಲ್ಲಿ?”

“ಅವಳ ಫ್ರಾಕು ಪೆಟ್ರೋಲ್ ನಾರತ್ತೆ ಅಂತ ಅಕ್ಕ ಹೇಳ್ಲಿಲ್ವಾ?”

“ನಿಮ್ಮಕ್ಕನಿಗೆ ಎಲ್ಲದ್ರಲ್ಲೂ ವಾಸನೆ. ಅವಳ ತೊಡೇಲಿರೋದು ಸೆಖೆ ಗುಳ್ಳೆ ಕಣೆ. ಅಷ್ಟೊಂದೇನೂ ಸೋರ್ತಿರ್ಲಿಲ್ಲ. ಪ್ಯಾಂಟಿಗೆ ಕಲೆ ಆಗತ್ತೆ ಅಂತ ನಾನೇ ಸ್ವಲ್ಪ ಹಿಂದೆ ಸರಿದು ಕೂರ್ತಿದ್ದೆ.”

ಅಂದ ಮೇಲೆ ತಾವೇನು ಅಂದೆವೆಂದು ಅವರಿಗೆ ಹೊಳೆಯಿತೋ ಇಲ್ಲವೋ, ತೋಳಿನ ಮಡಿಕೆ ಸರಿಮಾಡಿಕೊಂಡರು. ಆ ಬಕೆಟ್ಟನ್ನು ಎತ್ತಿ ಅವರ ಇಸ್ತ್ರಿಯ ಮೇಲೆ ಸುರಿಯುವಷ್ಟು ಅಸಹ್ಯವಾಯಿತು. ಸುರಿಯಲಿಲ್ಲ. ಅವರ ಎದುರಿಗೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅಕ್ಕ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, “ಬೈಕ್ ಅಲ್ಲೇ ಇರ್ಲಿ. ನಾನು ಇವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ,” ಎಂದಳು.

“ಭಾವ?”

“ನಡ್ಕೊಂಡು ಬರ್ಲಿ.”

ಮೂರು ವಾರದಲ್ಲಿ ಮಗುವಿನ ತೊಡೆ ವಾಸಿಯಾಯಿತು. ಬೈಕನ್ನು ಅಕ್ಕನೇ ಬಂದು ಒಯ್ದಳು. ಈಗ ಓಡಿಸುವವಳೂ ಅವಳೇ, ಮಗು ಹಿಂದೆ ಅವಳ ಸೊಂಟಕ್ಕೆ ಅಂಟಿಕೊಂಡು ಕೂರುತ್ತದೆ. ಭಾವ ನೆಂಟರ ಮನೆಗಳಲ್ಲಿ, “ನಾದಿನಿಗೆ ಬಾಯಿ ಸ್ವಲ್ಪ ಜೋರು, ಕೆಲಸ ಮಾತ್ರ ಅಚ್ಚುಕಟ್ಟು,” ಎಂದು ಹೊಗಳುತ್ತಾರಂತೆ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.